ಓಡುತ್ತಿರುವ ನಿಯಮ, ಉಳಿಯುವ ನಿಯಮ: ಕಮಾಂಡ್ ಲೈನಿನಲ್ಲಿ ಫೈರ್‌ವಾಲ್ ಸೇವ್ ಮಾಡುವ ದಾರಿಗಳು

ಲಿನಕ್ಸ್ ಸರ್ವರಿನಲ್ಲಿ ಐಪಿಟೇಬಲ್ಸ್ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದ ತಕ್ಷಣ ನಿಯಮ ಜಾರಿಗೆ ಬರುತ್ತದೆ. ಡೇಟಾಬೇಸಿನ 3306ನೇ ಪೋರ್ಟನ್ನು ಹೊರಗಿನವರಿಗೆ ಮುಚ್ಚು ಎಂದರೆ ಮುಚ್ಚಿತು, ಅಷ್ಟೇ. ಆದರೆ ಆ ನಿಯಮ ಕೂತಿರುವುದು ಕರ್ನಲ್ಲಿನ ಮೆಮೊರಿಯಲ್ಲಿ. ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ, ಅಥವಾ ಹೊಸ ಕರ್ನಲ್ ಹಾಕಿ ರೀಬೂಟ್ ಮಾಡಿದರೆ, ನಿಯಮವೂ ಹೋಯಿತು. ಯಾವ ನಿಯಮವೂ ಇಲ್ಲದಿದ್ದರೆ ಎಲ್ಲರನ್ನೂ ಒಳಗೆ ಬಿಡುವುದು ಐಪಿಟೇಬಲ್ಸ್‌ನ ಹುಟ್ಟುಗುಣ. ಹಾಗಾಗಿ ಯಂತ್ರ ಮತ್ತೆ ಎದ್ದಾಗ ನಾವು ಮುಚ್ಚಿದ್ದ ಪೋರ್ಟುಗಳೆಲ್ಲ ತೆರೆದಿರುತ್ತವೆ. ವೆಬ್‌ಸೈಟ್ ಬರುತ್ತದೆ, ಮೇಲ್ ಹೋಗುತ್ತದೆ, ಯಾರಿಗೂ ಏನೂ ಕೆಟ್ಟಂತೆ ಕಾಣುವುದಿಲ್ಲ. ಸೇವೆ ನಿಂತುಹೋದರೆ ಹತ್ತು ಜನ ಫೋನ್ ಮಾಡುತ್ತಾರೆ. ಪೋರ್ಟ್ ತೆರೆದುಕೊಂಡರೆ ಒಬ್ಬರೂ ಮಾಡುವುದಿಲ್ಲ.

ಈ ನಿಯಮಗಳನ್ನು ಸೇವ್ ಮಾಡುವುದು ಹೇಗೆ ಎಂದು ಲಿನಕ್ಸ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಕೇಳುತ್ತಾರೆ. ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ ಸಾಲಿನ ಕಮಾಂಡು. ಆ ಸಾಲು ಡೆಬಿಯನ್‌ನಲ್ಲಿ ಒಂದು ಥರ, ರೆಡ್‌ಹ್ಯಾಟ್‌ನಲ್ಲಿ ಇನ್ನೊಂದು, ಉಬುಂಟುವಿನಲ್ಲಿ ಮತ್ತೊಂದು. ವಿಂಡೋಸ್, ಸಿಸ್ಕೊ, ಓಪನ್‌ಬಿಎಸ್‌ಡಿಗಳದ್ದು ಬೇರೆಯೇ ದಾರಿ. ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಜಗಳ ಇರುವುದು ಒಂದೇ ವಿಷಯದಲ್ಲಿ: ಮೆಮೊರಿಯಲ್ಲಿ ಓಡುತ್ತಿರುವುದನ್ನು ಅಸಲು ಎನ್ನಬೇಕೋ, ಡಿಸ್ಕಿನಲ್ಲಿ ಬರೆದಿಟ್ಟದ್ದನ್ನು ಅಸಲು ಎನ್ನಬೇಕೋ? ಈ ಪ್ರಶ್ನೆಗೆ ಒಂದೊಂದು ವ್ಯವಸ್ಥೆ ಏನು ಉತ್ತರ ಕೊಟ್ಟಿದೆ, ಆ ಉತ್ತರಕ್ಕೆ ತೆತ್ತ ಬೆಲೆಯೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕರ್ನಲ್ ಯಾಕೆ ನೆನಪಿಡುವುದಿಲ್ಲ

ಲಿನಕ್ಸಿಗೆ ಪ್ಯಾಕೆಟ್ ಸೋಸುವ ಸೌಲಭ್ಯ ಬಂದದ್ದು 1994ರಲ್ಲಿ, ಅಲನ್ ಕಾಕ್ಸ್ ಬಿಎಸ್‌ಡಿಯ ಐಪಿಎಫ್‌ಡಬ್ಲ್ಯೂವನ್ನು ತಂದು ಜೋಡಿಸಿದಾಗ. ಕರ್ನಲ್ 2.0ರ ಕಾಲದಲ್ಲಿ ಐಪಿಎಫ್‌ಡಬ್ಲ್ಯೂಎಡಿಎಂ, 1999ರ 2.2ರಲ್ಲಿ ಐಪಿಚೈನ್ಸ್, 2001ರ ಜನವರಿಯಲ್ಲಿ ಬಂದ 2.4ರಲ್ಲಿ ರಸ್ಟಿ ರಸೆಲ್ ಶುರುಮಾಡಿದ್ದ ನೆಟ್‌ಫಿಲ್ಟರ್ ಮತ್ತು ಐಪಿಟೇಬಲ್ಸ್, 2014ರ ಜನವರಿಯ 3.13ರಲ್ಲಿ ಎನ್‌ಎಫ್‌ಟೇಬಲ್ಸ್. ನಾಲ್ಕು ಪೀಳಿಗೆ ಕಳೆದರೂ ಒಂದು ಸಂಗತಿ ಬದಲಾಗಲಿಲ್ಲ. ಕರ್ನಲ್ ತಾನಾಗಿ ಡಿಸ್ಕಿನಿಂದ ನಿಯಮ ಓದುವುದಿಲ್ಲ, ತಾನಾಗಿ ಬರೆಯುವುದೂ ಇಲ್ಲ. ಸೋಸುವುದು ಅದರ ಕೆಲಸ. ಏನನ್ನು ಸೋಸಬೇಕೆಂದು ಹೇಳುವುದು ಹೊರಗಿನ ಪ್ರೋಗ್ರಾಮಿನ ಕೆಲಸ. ಇದನ್ನು ಕೊರತೆ ಎನ್ನುವಂತಿಲ್ಲ, ಯೂನಿಕ್ಸ್ ಬಳಗದ ಹಳೆಯ ಶಿಸ್ತು ಅದು. ಆದರೆ ಅದರ ಪರಿಣಾಮವಾಗಿ ಸೇವ್ ಮಾಡುವ ಹೊಣೆ ಪ್ರತಿ ಡಿಸ್ಟ್ರೋದ ಪಾಲಿಗೆ ಬಂತು, ಒಂದೊಂದು ಡಿಸ್ಟ್ರೋ ತನಗೆ ತೋಚಿದಂತೆ ಅದನ್ನು ನಿಭಾಯಿಸಿತು.

ಮೊದಲ ದಾರಿ: ಓಡುತ್ತಿರುವುದನ್ನು ಬರೆದಿಡುವುದು

ಮೊದಮೊದಲು ಎಲ್ಲರೂ ಮಾಡುತ್ತಿದ್ದದ್ದು ಶೆಲ್ ಸ್ಕ್ರಿಪ್ಟ್. ಐಪಿಟೇಬಲ್ಸ್ ಸಾಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿ, ಬೂಟ್ ಆಗುವಾಗ ಓಡಿಸುವುದು. ಕಾಮೆಂಟ್ ಬರೆಯಬಹುದು, ವೇರಿಯಬಲ್ ಬಳಸಬಹುದು, ಓದಿದರೆ ಅರ್ಥವಾಗುತ್ತದೆ. ತೊಡಕು ಇರುವುದು ಒಳಗೆ. ಹಳೆಯ ಐಪಿಟೇಬಲ್ಸ್ ಒಂದೊಂದು ಸಾಲಿಗೂ ಇಡೀ ಟೇಬಲ್ಲನ್ನು ಕರ್ನಲ್ಲಿನಿಂದ ತರಿಸಿಕೊಂಡು, ಒಂದು ನಿಯಮ ಸೇರಿಸಿ, ಮತ್ತೆ ಇಡೀ ಟೇಬಲ್ಲನ್ನೇ ವಾಪಸ್ ಕಳಿಸುತ್ತದೆ. ನಿಯಮ ಸಾವಿರ ದಾಟಿದರೆ ಇದು ತೆವಳತೊಡಗುತ್ತದೆ. ಜೊತೆಗೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಫೈರ್‌ವಾಲ್ ಅರ್ಧಂಬರ್ಧ ಇರುತ್ತದೆ. ಮಧ್ಯದಲ್ಲಿ ಒಂದು ಸಾಲು ತಪ್ಪಿದರೂ ಸ್ಕ್ರಿಪ್ಟ್ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.

ಐಪಿಟೇಬಲ್ಸ್-ಸೇವ್ ಮತ್ತು ಐಪಿಟೇಬಲ್ಸ್-ರಿಸ್ಟೋರ್ ಎಂಬ ಜೋಡಿ ಈ ತೊಡಕನ್ನು ನೀಗಿಸುತ್ತದೆ. ಮೊದಲನೆಯದು ಓಡುತ್ತಿರುವ ನಿಯಮಗಳನ್ನೆಲ್ಲ ಅಕ್ಷರರೂಪದಲ್ಲಿ ಉಗುಳುತ್ತದೆ. ಅದರ ಔಟ್‌ಪುಟ್ಟನ್ನು ಒಮ್ಮೆ ನಿಧಾನವಾಗಿ ಓದುವುದು ಒಳ್ಳೆಯದು. ಹ್ಯಾಶ್ ಗುರುತಿನ ಸಾಲಿನಲ್ಲಿ ಆವೃತ್ತಿ, ದಿನಾಂಕ. ಅದರ ಕೆಳಗೆ ನಕ್ಷತ್ರ ಹಚ್ಚಿದ ಟೇಬಲ್ಲಿನ ಹೆಸರು, *ಫಿಲ್ಟರ್ ಎಂಬಂತೆ. ಆಮೇಲೆ ಕೋಲನ್‌ನಿಂದ ಶುರುವಾಗುವ ಸಾಲುಗಳು. ಒಂದೊಂದರಲ್ಲೂ ಚೈನಿನ ಹೆಸರು, ಅದರ ಧೋರಣೆ, ಚೌಕ ಆವರಣದಲ್ಲಿ [0:0] ರೀತಿಯ ಜೋಡಿ ಅಂಕಿ. ಮೊದಲ ಅಂಕಿ ಪ್ಯಾಕೆಟ್ಟುಗಳದ್ದು, ಎರಡನೆಯದು ಬೈಟುಗಳದ್ದು. ಆ ಬಳಿಕ ನಿಯಮಗಳು, ನಾವು ಟೈಪ್ ಮಾಡಿದ ರೂಪದಲ್ಲೇ, ಮುಂದಿನ ಐಪಿಟೇಬಲ್ಸ್ ಎಂಬ ಪದ ಮಾತ್ರ ಇಲ್ಲ. ಕೊನೆಗೆ ಕಮಿಟ್ ಎಂಬ ಒಂಟಿ ಪದದ ಸಾಲು. ಇಡೀ ಫೈಲಿಗೆ ಜೀವ ಇರುವುದು ಅದರಲ್ಲೇ. ರಿಸ್ಟೋರ್ ಮಾಡುವಾಗ ಕಮಿಟ್ ಬರುವ ತನಕ ಆ ಟೇಬಲ್ಲಿನ ಒಂದು ನಿಯಮವೂ ಜಾರಿಯಾಗುವುದಿಲ್ಲ. ಬಂದಾಗ ಎಲ್ಲವೂ ಒಂದೇ ಏಟಿಗೆ ಜಾರಿಯಾಗುತ್ತವೆ. ಅರ್ಧಂಬರ್ಧದ ಮಾತಿಲ್ಲ.

ಈ ಔಟ್‌ಪುಟ್ಟನ್ನು ಫೈಲಿಗೆ ಇಳಿಸುವಾಗ ಹೊಸಬರು ಎಡವುವ ಜಾಗ ಒಂದಿದೆ. ಮುಂದೆ ಸುಡೊ ಹಾಕಿ ಐಪಿಟೇಬಲ್ಸ್-ಸೇವ್ ಕೊಟ್ಟು, > ಗುರುತು ಹಾಕಿ ಇಟಿಸಿ ಒಳಗಿನ ಫೈಲಿನ ಹೆಸರು ಬರೆದರೆ, ಪರ್ಮಿಷನ್ ಇಲ್ಲ ಎಂಬ ಉತ್ತರ ಬರುತ್ತದೆ. ಸುಡೊ ಅಧಿಕಾರ ಸಿಕ್ಕಿದ್ದು ಸೇವ್ ಕಮಾಂಡಿಗೆ. ಫೈಲ್ ತೆರೆಯಲು ಹೋದದ್ದು ಮಾಮೂಲಿ ಬಳಕೆದಾರನ ಶೆಲ್. ಪೈಪ್ ಹಾಕಿ ಸುಡೊ ಟೀ ಎಂಬ ಕಮಾಂಡಿಗೆ ಕೊಟ್ಟರೆ, ಇಲ್ಲವೇ ಮೊದಲೇ ರೂಟ್ ಶೆಲ್ಲಿಗೆ ಹೋದರೆ, ಕೆಲಸ ಆಗುತ್ತದೆ.

ಫೈಲ್ ಮಾಡಿದರೆ ಸಾಲದು, ಬೂಟ್ ಆಗುವಾಗ ಅದನ್ನು ಓದುವವರು ಬೇಕು. ಡೆಬಿಯನ್, ಉಬುಂಟುಗಳಲ್ಲಿ ಐಪಿಟೇಬಲ್ಸ್-ಪರ್ಸಿಸ್ಟೆಂಟ್ ಎಂಬ ಪ್ಯಾಕೇಜ್ ಈ ಕೆಲಸಕ್ಕಿದೆ. ಇನ್‌ಸ್ಟಾಲ್ ಮಾಡುವಾಗಲೇ ಈಗಿರುವ ನಿಯಮಗಳನ್ನು ಉಳಿಸಲೇ ಎಂದು ಕೇಳುತ್ತದೆ. ಆಮೇಲೆ ನೆಟ್‌ಫಿಲ್ಟರ್-ಪರ್ಸಿಸ್ಟೆಂಟ್ ಸೇವ್ ಎಂದರೆ /ಇಟಿಸಿ/ಐಪಿಟೇಬಲ್ಸ್ ಒಳಗೆ ರೂಲ್ಸ್.ವಿ4, ರೂಲ್ಸ್.ವಿ6 ಎಂಬ ಎರಡು ಫೈಲು ಬರೆಯುತ್ತದೆ. ರೆಡ್‌ಹ್ಯಾಟ್ ಬಳಗದಲ್ಲಿ ಹಳಬರು ಬಾಯಿಪಾಠ ಮಾಡಿಕೊಂಡಿದ್ದದ್ದು ಸರ್ವಿಸ್ ಐಪಿಟೇಬಲ್ಸ್ ಸೇವ್ ಎಂಬ ಮಂತ್ರ. ಅದು ಬರೆಯುವುದು ಸಿಸ್‌ಕಾನ್ಫಿಗ್ ಫೋಲ್ಡರಿಗೆ. 2014ರ ರೆಡ್‌ಹ್ಯಾಟ್ 7ರಲ್ಲಿ ಫೈರ್‌ವಾಲ್‌ಡಿ ಎಂಬ ಹೊಸ ವ್ಯವಸ್ಥೆ ಬಂದಮೇಲೆ ಆ ಮಂತ್ರ ಬೇಕಾದರೆ ಐಪಿಟೇಬಲ್ಸ್-ಸರ್ವಿಸಸ್ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಎರಡನೆಯ ದಾರಿ: ಬರೆದದ್ದನ್ನು ಓಡಿಸುವುದು

ಓಪನ್‌ಬಿಎಸ್‌ಡಿಯವರು ಈ ಪ್ರಶ್ನೆಯನ್ನು ತಲೆಕೆಳಗಾಗಿ ನೋಡಿದರು. 2001ರಲ್ಲಿ ಲೈಸೆನ್ಸಿನ ತಕರಾರಿನಿಂದ ಐಪಿಫಿಲ್ಟರನ್ನು ಕಿತ್ತುಹಾಕಿದ ಮೇಲೆ ಡೇನಿಯಲ್ ಹಾರ್ಟ್‌ಮೈಯರ್ ಬರೆದ ಪಿಎಫ್ ಅದರ ಜಾಗಕ್ಕೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಓಪನ್‌ಬಿಎಸ್‌ಡಿ 3.0 ಜೊತೆ ಬಿಡುಗಡೆಯಾಯಿತು. ಪಿಎಫ್‌ನಲ್ಲಿ ಸೇವ್ ಎಂಬ ಕಮಾಂಡೇ ಇಲ್ಲ. ನಿಯಮ ಬರೆಯುವುದೇ /ಇಟಿಸಿ/ಪಿಎಫ್.ಕಾನ್ಫ್ ಎಂಬ ಫೈಲಿನಲ್ಲಿ. ಪಿಎಫ್‌ಸಿಟಿಎಲ್‌ಗೆ ಎನ್ ಮತ್ತು ಎಫ್ ಆಯ್ಕೆ ಕೊಟ್ಟರೆ ವ್ಯಾಕರಣ ಸರಿಯಿದೆಯೇ ಎಂದಷ್ಟೇ ನೋಡುತ್ತದೆ; ಎಫ್ ಮಾತ್ರ ಕೊಟ್ಟರೆ ಜಾರಿ ಮಾಡುತ್ತದೆ. ಡಿಸ್ಕಿನಲ್ಲಿರುವುದೇ ಅಸಲು, ಮೆಮೊರಿಯಲ್ಲಿರುವುದು ಅದರ ನಕಲು. ಉಳಿಸಲು ಮರೆಯುವ ಪ್ರಮೇಯವೇ ಬರುವುದಿಲ್ಲ.

ಲಿನಕ್ಸಿನ ಎನ್‌ಎಫ್‌ಟೇಬಲ್ಸ್ ಎರಡೂ ದೋಣಿಯಲ್ಲಿ ಕಾಲಿಟ್ಟಿದೆ. ಎನ್‌ಎಫ್‌ಟಿ ಕಮಾಂಡಿನಿಂದ ಒಂದೊಂದೇ ನಿಯಮ ಸೇರಿಸಬಹುದು. ಲಿಸ್ಟ್ ರೂಲ್‌ಸೆಟ್ ಎಂದರೆ ಇಡೀ ನಿಯಮಾವಳಿಯನ್ನು, ಮತ್ತೆ ಲೋಡ್ ಮಾಡಬಹುದಾದ ರೂಪದಲ್ಲಿ, ತೋರಿಸುತ್ತದೆ. ಅದನ್ನು /ಇಟಿಸಿ/ಎನ್‌ಎಫ್‌ಟೇಬಲ್ಸ್.ಕಾನ್ಫ್‌ಗೆ ಇಳಿಸಿಬಿಟ್ಟರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಆ ಔಟ್‌ಪುಟ್ಟಿನ ತಲೆಯಲ್ಲಿ ಫ್ಲಶ್ ರೂಲ್‌ಸೆಟ್ ಎಂಬ ಸಾಲು ಇರುವುದಿಲ್ಲ. ನಾವೇ ಸೇರಿಸಬೇಕು. ಸೇರಿಸದೆ ಎರಡು ಸಲ ಲೋಡ್ ಮಾಡಿದರೆ ಇದ್ದ ನಿಯಮಗಳ ಬಾಲಕ್ಕೆ ಅವೇ ನಿಯಮಗಳು ಮತ್ತೊಮ್ಮೆ ಅಂಟಿಕೊಳ್ಳುತ್ತವೆ. ಡೆಬಿಯನ್‌ನಲ್ಲಿ ಎನ್‌ಎಫ್‌ಟೇಬಲ್ಸ್ ಸರ್ವಿಸನ್ನು ಎನೇಬಲ್ ಮಾಡದೆ ಬಿಟ್ಟರೆ ಫೈಲ್ ಎಷ್ಟೇ ಚೆನ್ನಾಗಿದ್ದರೂ ಬೂಟಿನಲ್ಲಿ ಅದನ್ನು ಯಾರೂ ಓದುವುದಿಲ್ಲ. ಅನುಕೂಲಗಳೂ ಕಡಿಮೆಯಿಲ್ಲ: ಇಡೀ ಫೈಲು ಒಂದೇ ವ್ಯವಹಾರವಾಗಿ ಜಾರಿಯಾಗುತ್ತದೆ, ಸಿ ಆಯ್ಕೆ ಕೊಟ್ಟರೆ ಜಾರಿ ಮಾಡದೆ ಪರೀಕ್ಷಿಸುತ್ತದೆ, ಐನೆಟ್ ಎಂಬ ಬಗೆಯ ಟೇಬಲ್ಲಿನಲ್ಲಿ ಐಪಿವಿ4, ಐಪಿವಿ6 ಎರಡನ್ನೂ ಒಟ್ಟಿಗೆ ಬರೆಯಬಹುದು.

ಕೈಯಿಂದ ಬರೆದ ಫೈಲಿಗೂ ಮೆಮೊರಿಯಿಂದ ಇಳಿಸಿಕೊಂಡ ಫೈಲಿಗೂ ಇರುವ ದೊಡ್ಡ ವ್ಯತ್ಯಾಸ ಕಾಣುವುದು ಇಲ್ಲೇ. ಬರೆದ ಫೈಲಿನಲ್ಲಿ "ಈ ವಿಳಾಸ ಲೆಕ್ಕಪತ್ರ ವಿಭಾಗದ್ದು, ಆಡಿಟ್ ಮುಗಿದಮೇಲೆ ತೆಗೆಯಬೇಕು" ಎಂದು ಹ್ಯಾಶ್ ಹಾಕಿ ಒಂದು ಮಾತು ಬರೆದಿರುತ್ತೇವೆ. ಕಚೇರಿಯ ಸಬ್‌ನೆಟ್ಟಿಗೆ ಒಂದು ಹೆಸರು ಕೊಟ್ಟು ಹತ್ತು ಕಡೆ ಆ ಹೆಸರನ್ನೇ ಬಳಸಿರುತ್ತೇವೆ. ಕರ್ನಲ್ಲಿಗೆ ಹೋಗುವಾಗ ಟಿಪ್ಪಣಿ ಉದುರುತ್ತದೆ, ಹೆಸರಿನ ಜಾಗದಲ್ಲಿ ಅಂಕಿ ಕೂರುತ್ತದೆ. ಅಲ್ಲಿಂದ ವಾಪಸ್ ಇಳಿಸಿಕೊಂಡಾಗ ಸಿಗುವುದು ಏನು ಎಂಬುದು ಮಾತ್ರ. ಯಾಕೆ ಎಂಬುದು ಹೋಗಿರುತ್ತದೆ. ಎರಡು ವರ್ಷ ಬಿಟ್ಟು ಆ ಕುರ್ಚಿಗೆ ಬಂದವರು ಇದೇನು ವಿಳಾಸ, ತೆಗೆಯಬಹುದೋ ಬೇಡವೋ ಎಂದು ಹೆದರಿ ಹಾಗೇ ಬಿಡುತ್ತಾರೆ. ಯಾರೂ ಮುಟ್ಟದ ನಿಯಮಗಳು ಫೈರ್‌ವಾಲಿನಲ್ಲಿ ಬೆಳೆಯುವುದು ಹೀಗೆ. ಐಪಿಟೇಬಲ್ಸ್, ಎನ್‌ಎಫ್‌ಟೇಬಲ್ಸ್ ಎರಡರಲ್ಲೂ ನಿಯಮದ ಜೊತೆಗೇ ಕಾಮೆಂಟ್ ಅಂಟಿಸುವ ಸೌಲಭ್ಯ ಇದೆ, ಅದು ಉಳಿಯುತ್ತದೆ, ಬಳಸುವವರು ಕಡಿಮೆ.

ಮಧ್ಯವರ್ತಿಗಳು

ಉಬುಂಟು 8.04ರ ಜೊತೆ 2008ರಲ್ಲಿ ಬಂದ ಯುಎಫ್‌ಡಬ್ಲ್ಯೂ ಎಂಬ ಸಾಧನ ಈ ತಲೆನೋವನ್ನು ಬಳಕೆದಾರನ ಹೆಗಲಿನಿಂದ ಇಳಿಸಿತು. ಅಲೋ 22 ಎಂದರೆ ನಿಯಮ ಜಾರಿಯೂ ಆಗುತ್ತದೆ, ಯೂಸರ್.ರೂಲ್ಸ್ ಫೈಲಿಗೂ ಸೇರುತ್ತದೆ. ಆ ಫೈಲನ್ನು ತೆರೆದು ನೋಡಿದರೆ ಒಳಗಿರುವುದು ನಾವು ಮೇಲೆ ಕಂಡ ಐಪಿಟೇಬಲ್ಸ್-ರಿಸ್ಟೋರ್ ರೂಪವೇ. ಒಂದೆರಡು ಪೋರ್ಟಿನ ಪುಟ್ಟ ಸರ್ವರಿಗೆ ಇದಕ್ಕಿಂತ ಸಲೀಸು ಬೇರೆ ಇಲ್ಲ.

ಫೆಡೊರಾ 18ರಿಂದ ಡೀಫಾಲ್ಟ್ ಆದ ಫೈರ್‌ವಾಲ್‌ಡಿ ಜಾಣತನದ್ದು, ಗೊಂದಲದ್ದೂ ಹೌದು. ಅದರಲ್ಲಿ ಓಡುವ ನಿಯಮ, ಉಳಿಯುವ ನಿಯಮ ಎಂದು ಎರಡು ಖಾತೆಗಳಿವೆ. ಫೈರ್‌ವಾಲ್-ಸಿಎಂಡಿಗೆ ಪರ್ಮನೆಂಟ್ ಆಯ್ಕೆ ಕೊಡದಿದ್ದರೆ ನಿಯಮ ಈಗಲೇ ಜಾರಿ, ಆದರೆ ರೀಬೂಟಿಗೆ ಉಳಿಯದು. ಪರ್ಮನೆಂಟ್ ಕೊಟ್ಟರೆ ಡಿಸ್ಕಿಗೆ ಹೋಗುತ್ತದೆ, ಆದರೆ ರೀಲೋಡ್ ಮಾಡುವ ತನಕ ಜಾರಿಯಿಲ್ಲ. ರೀಲೋಡ್ ಮಾಡಿದರೆ ಓಡುವ ಖಾತೆಯಲ್ಲಿ ಮಾತ್ರ ಇದ್ದ ನಿಯಮಗಳು ಹೋದವು. ಹಾಗಾಗಿ ದೂರು ಎರಡೂ ಕಡೆಯಿಂದ ಬರುತ್ತದೆ: ಸೇವ್ ಮಾಡಿದೆ, ಕೆಲಸ ಮಾಡುತ್ತಿಲ್ಲ; ಕೆಲಸ ಮಾಡುತ್ತಿತ್ತು, ಸೇವ್ ಆಗಲಿಲ್ಲ. ನಿಜವಾಗಿ ಅದು ಬಯಸುವ ಕ್ರಮ ಸರಳ. ಮೊದಲು ಓಡುವ ಖಾತೆಯಲ್ಲಿ ಹಾಕಿ ಪರೀಕ್ಷಿಸಿ, ಸರಿ ಎನಿಸಿದ ಮೇಲೆ ರನ್‌ಟೈಮ್-ಟು-ಪರ್ಮನೆಂಟ್ ಎಂದು ಒಮ್ಮೆಲೇ ಉಳಿಸಿ.

ಲಿನಕ್ಸಿನ ಆಚೆ ಬೇಗ ಒಂದು ಸುತ್ತು ಹಾಕುವುದಾದರೆ, ವಿಂಡೋಸ್ ವಿಸ್ಟಾದಿಂದೀಚೆಗೆ ನೆಟ್‌ಎಸ್‌ಎಚ್‌ನ ಅಡ್ವ್‌ಫೈರ್‌ವಾಲ್ ವಿಭಾಗ ಇದೆ. ಅಲ್ಲಿ ನಿಯಮ ಸೇರಿಸಿದರೆ ಆಗಲೇ ಉಳಿಯಿತು. ಎಕ್ಸ್‌ಪೋರ್ಟ್ ಕಮಾಂಡ್ ಮಾಡಿಕೊಡುವುದು ಬ್ಯಾಕಪ್. ಇಂಪೋರ್ಟ್ ಮಾಡಿದರೆ ಇದ್ದ ನಿಯಮಗಳೆಲ್ಲ ಹೋಗಿ ಫೈಲಿನದ್ದು ಕೂರುತ್ತದೆ ಎಂಬುದನ್ನು ಮರೆಯಬಾರದು. ಸಿಸ್ಕೊ ಉಪಕರಣಗಳಲ್ಲಿ ರನ್ನಿಂಗ್-ಕಾನ್ಫಿಗ್ ಮೆಮೊರಿಯಲ್ಲಿ, ಸ್ಟಾರ್ಟಪ್-ಕಾನ್ಫಿಗ್ ಎನ್‌ವಿರ್‍ಯಾಮಿನಲ್ಲಿ. ಒಂದನ್ನು ಇನ್ನೊಂದಕ್ಕೆ ಕಾಪಿ ಮಾಡುವುದೇ ಸೇವ್; ಹಳಬರ ಬಾಯಲ್ಲಿ ಅದು ರೈಟ್ ಮೆಮೊರಿ. ಜೂನಿಪರಿನ ಜುನೋಸ್ ಮೂರನೆಯದೊಂದನ್ನು ಸೇರಿಸಿತು. ಬದಲಾವಣೆಯೆಲ್ಲ ಮೊದಲು ಕರಡಿನಲ್ಲಿ; ಕಮಿಟ್ ಮಾಡಿದಾಗ ಜಾರಿಯೂ ಉಳಿವೂ ಒಟ್ಟಿಗೆ. ಹಿಂದಿನ 49 ಆವೃತ್ತಿಗಳಿಗೆ ರೋಲ್‌ಬ್ಯಾಕ್ ಮಾಡಬಹುದು.

ಮರೆವಿನ ಉಪಕಾರ

ಇಷ್ಟು ನೋಡಿದ ಮೇಲೆ ತಾನಾಗಿ ಉಳಿಸುವ ವ್ಯವಸ್ಥೆಯೇ ಮೇಲು ಎನಿಸಬಹುದು. ಆದರೆ ದೂರದ ಡೇಟಾ ಸೆಂಟರಿನ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಕೂತು ಕೆಲಸ ಮಾಡುವವರಿಗೆ ಇನ್ನೊಂದು ಮುಖ ಗೊತ್ತು. ಒಂದು ತಪ್ಪು ಡ್ರಾಪ್ ನಿಯಮ ಹಾಕಿದರೆ ಕೂತ ಕೊಂಬೆಯನ್ನೇ ಕಡಿದುಕೊಂಡಂತೆ; ಸಂಪರ್ಕ ಅಲ್ಲಿಗೇ ಕಟ್ ಆಗಬಹುದು. ಆಗ ಕಾಪಾಡುವುದು ಉಳಿಸದೇ ಇರುವ ಗುಣವೇ. ಯಾರಿಗಾದರೂ ಹೇಳಿ ಯಂತ್ರವನ್ನು ಆಫ್ ಮಾಡಿ ಆನ್ ಮಾಡಿಸಿದರೆ ಹಳೆಯ ನಿಯಮಗಳು ವಾಪಸ್. ತಪ್ಪು ನಿಯಮ ಡಿಸ್ಕಿಗೂ ಹೋಗಿದ್ದರೆ ರೀಬೂಟ್ ಮಾಡಿದಷ್ಟು ಸಲವೂ ಬಾಗಿಲು ಮುಚ್ಚಿಕೊಂಡೇ ಏಳುತ್ತದೆ.

ಒಳ್ಳೆಯ ಉಪಕರಣಗಳು ಈ ಗುಣವನ್ನೇ ಪಳಗಿಸಿ ಬಳಸುತ್ತವೆ. ಸಿಸ್ಕೊದಲ್ಲಿ ಕೆಲಸ ಶುರುಮಾಡುವ ಮೊದಲು ಹತ್ತು ನಿಮಿಷದಲ್ಲಿ ರೀಲೋಡ್ ಆಗು ಎಂದು ಹೇಳಿಡುವುದು ನೆಟ್‌ವರ್ಕ್ ಎಂಜಿನಿಯರುಗಳ ಹಳೆಯ ರೂಢಿ. ಎಲ್ಲ ಸರಿಹೋದರೆ ರದ್ದು ಮಾಡಿ ಸೇವ್ ಮಾಡುತ್ತಾರೆ. ಜುನೋಸಿನ ಕಮಿಟ್ ಕನ್ಫರ್ಮ್ಡ್ ಹತ್ತು ನಿಮಿಷದೊಳಗೆ ಇನ್ನೊಮ್ಮೆ ಕಮಿಟ್ ಬರದಿದ್ದರೆ ತಾನೇ ಹಿಂದಕ್ಕೆ ಹೋಗುತ್ತದೆ. ಫೈರ್‌ವಾಲ್‌ಡಿಯಲ್ಲಿ ನಿಯಮಕ್ಕೆ ಟೈಮ್‌ಔಟ್ ಕೊಡಬಹುದು. ಐಪಿಟೇಬಲ್ಸ್ ಜೊತೆ ಬರುವ ಐಪಿಟೇಬಲ್ಸ್-ಅಪ್ಲೈ ಹೊಸ ಫೈಲನ್ನು ಜಾರಿ ಮಾಡಿ, ಈ ಯಂತ್ರಕ್ಕೆ ಹೊಸ ಸಂಪರ್ಕ ಮಾಡಲಾಗುತ್ತಿದೆಯೇ ಎಂದು ಕೇಳುತ್ತದೆ. ಹತ್ತು ಸೆಕೆಂಡಿನಲ್ಲಿ ಹೌದು ಎನ್ನದಿದ್ದರೆ ಹಳೆಯದನ್ನು ವಾಪಸ್ ಹಾಕುತ್ತದೆ.

ಆ ಪ್ರಶ್ನೆಯಲ್ಲಿ ಹೊಸ ಸಂಪರ್ಕ ಎಂದು ಕೇಳಿರುವುದರಲ್ಲಿ ಅನುಭವ ಇದೆ. ಬಹುತೇಕ ಫೈರ್‌ವಾಲುಗಳಲ್ಲಿ ಆಗಲೇ ಸ್ಥಾಪಿತವಾದ ಸಂಪರ್ಕಗಳನ್ನು ಬಿಡು ಎಂಬ ನಿಯಮ ಮೇಲೆಯೇ ಇರುತ್ತದೆ. ಹಾಗಾಗಿ 22ನೇ ಪೋರ್ಟನ್ನು ತಪ್ಪಿ ಮುಚ್ಚಿದರೂ ನಾವು ಕೂತಿರುವ ಎಸ್‌ಎಸ್‌ಎಚ್ ಕಿಟಕಿ ಏನೂ ಆಗದಂತೆ ಓಡುತ್ತಲೇ ಇರುತ್ತದೆ. ಎಲ್ಲ ಸರಿ ಎಂದು ಸೇವ್ ಮಾಡಿ, ಲಾಗ್ಔಟ್ ಆಗಿ ಮನೆಗೆ ಹೋದರೆ ಬೆಳಗ್ಗೆ ಒಳಗೆ ಹೋಗಲು ದಾರಿಯಿರುವುದಿಲ್ಲ. ಇರುವ ಕಿಟಕಿಯನ್ನು ಮುಚ್ಚದೆ, ಇನ್ನೊಂದು ಟರ್ಮಿನಲ್ ತೆರೆದು ಹೊಸದಾಗಿ ಲಾಗಿನ್ ಆಗಿ ನೋಡಿದ ಮೇಲೆಯೇ ಸೇವ್ ಮಾಡಬೇಕು.

ನಿಯಮದ ವಾರಸುದಾರ ಯಾರು

ಐಪಿಟೇಬಲ್ಸ್-ಸೇವ್ ಹುಟ್ಟಿದ ಕಾಲದಲ್ಲಿ ಯಂತ್ರದ ನಿಯಮಗಳನ್ನೆಲ್ಲ ಒಬ್ಬ ಅಡ್ಮಿನ್ ಬರೆಯುತ್ತಿದ್ದ. ಈಗ ಹಾಗಿಲ್ಲ. ಡಾಕರ್ ಕಂಟೇನರ್ ಏಳಿಸಿದಾಗಲೆಲ್ಲ ತನ್ನ ನಿಯಮ ಸೇರಿಸುತ್ತದೆ, ನಿಲ್ಲಿಸಿದಾಗ ತೆಗೆಯುತ್ತದೆ. ಫೇಲ್‌ಟುಬ್ಯಾನ್ ತಪ್ಪು ಪಾಸ್‌ವರ್ಡ್ ಹೊಡೆದವರ ವಿಳಾಸವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಕುಬರ್ನೆಟೀಸ್ ನೋಡ್ ಆದರೆ ಕ್ಯೂಬ್-ಪ್ರಾಕ್ಸಿಯದ್ದೇ ರಾಶಿ. ಇವೆಲ್ಲ ಓಡುತ್ತಿರುವಾಗ ಸೇವ್ ಮಾಡಿದರೆ ಅವುಗಳ ತಾತ್ಕಾಲಿಕ ನಿಯಮಗಳೂ ಶಾಶ್ವತವಾಗುತ್ತವೆ. ಮುಂದಿನ ಬೂಟಿನಲ್ಲಿ ಇಲ್ಲದ ಕಂಟೇನರಿನ ವಿಳಾಸಕ್ಕೆ ದಾರಿ ತೋರುವ ನಿಯಮ ಎದ್ದು ಕೂರುತ್ತದೆ. ಡಾಕರ್ ಚಾಲ್ತಿಯಲ್ಲಿದ್ದಾಗ ಇಡೀ ಟೇಬಲ್ಲನ್ನು ರಿಸ್ಟೋರ್ ಮಾಡಿದರೆ ಅದರ ಈಗಿನ ನಿಯಮಗಳು ಅಳಿಸಿಹೋಗಿ ಕಂಟೇನರುಗಳ ನೆಟ್‌ವರ್ಕ್ ಬೀಳುತ್ತದೆ. ಎನ್‌ಎಫ್‌ಟೇಬಲ್ಸ್‌ನ ಫ್ಲಶ್ ರೂಲ್‌ಸೆಟ್ ಕೂಡ ಇದೇ ಹಾನಿ ಮಾಡುತ್ತದೆ. ಅಂಥ ಯಂತ್ರಗಳಲ್ಲಿ ನಮ್ಮ ಟೇಬಲ್ಲನ್ನು ಮಾತ್ರ ಅಳಿಸಿ ಬರೆಯಬೇಕು. ಡಾಕರಿನಲ್ಲಿ ನಮ್ಮ ನಿಯಮಗಳಿಗೆಂದೇ ಡಾಕರ್-ಯೂಸರ್ ಎಂಬ ಚೈನ್ ಬಿಟ್ಟಿದ್ದಾರೆ. ಡಾಕರ್ ಹೊರಗೆ ತೆರೆದ ಪೋರ್ಟಿಗೆ ಯುಎಫ್‌ಡಬ್ಲ್ಯೂ ತಡೆ ಅನ್ವಯಿಸುವುದಿಲ್ಲ ಎಂಬುದೂ ಇಲ್ಲಿ ನೆನಪಿರಲಿ.

2019ರ ಡೆಬಿಯನ್ 10ರಿಂದ ಇನ್ನೊಂದು ತಿರುವು. ಐಪಿಟೇಬಲ್ಸ್ ಎಂದು ಕರೆದರೂ ಒಳಗೆ ಕೆಲಸ ಮಾಡುವುದು ಎನ್‌ಎಫ್‌ಟೇಬಲ್ಸ್. ಹಳೆಯ ಲೆಗಸಿ ರೂಪವೂ ಪಕ್ಕದಲ್ಲಿ ಬದುಕಿರಬಹುದು. ಒಂದರ ಸೇವ್ ಕಮಾಂಡಿಗೆ ಇನ್ನೊಂದರ ನಿಯಮ ಕಾಣುವುದಿಲ್ಲ. ಲೆಗಸಿ ಟೇಬಲ್ಲುಗಳಿವೆ ಎಂಬ ಎಚ್ಚರಿಕೆಯ ಸಾಲು ಔಟ್‌ಪುಟ್ಟಿನಲ್ಲಿ ಬಂದರೆ ಅದನ್ನು ಓದಿಯೂ ಓದದಂತೆ ದಾಟಬಾರದು.

ಉಳಿಸಿದ ಫೈಲು ಬೂಟಿನಲ್ಲಿ ಕೈಕೊಡುವ ಸಂದರ್ಭಗಳೂ ಕೆಲವಿವೆ. ಕೈಯಿಂದ ಬರೆದ ಫೈಲಿನಲ್ಲಿ ಐಪಿ ವಿಳಾಸದ ಬದಲು ಹೋಸ್ಟ್ ಹೆಸರು ಇದ್ದರೆ, ನೆಟ್‌ವರ್ಕ್ ಬರುವ ಮೊದಲೇ ಫೈರ್‌ವಾಲ್ ಏಳುವುದರಿಂದ ಆ ಹೆಸರಿನ ವಿಳಾಸ ಸಿಗುವುದಿಲ್ಲ. ಐಪಿಸೆಟ್ ಪಟ್ಟಿಗಳನ್ನು ಬಳಸುವ ನಿಯಮಗಳಿದ್ದರೆ ಪಟ್ಟಿ ಮೊದಲು ಲೋಡ್ ಆಗಬೇಕು. ಒಂದು ಸಾಲು ವಿಫಲವಾದರೆ ಆ ಟೇಬಲ್ ಪೂರ್ತಿ ಜಾರಿಯಾಗದೆ ಉಳಿಯುತ್ತದೆ. ಅಂದರೆ ಮತ್ತೆ ಎಲ್ಲ ತೆರೆದ ಸ್ಥಿತಿ. ಐಪಿವಿ6ಕ್ಕೆ ಬೇರೆ ಕಮಾಂಡ್ ಇದೆ ಎಂಬುದನ್ನು ಮರೆತು ವಿ4 ಮಾತ್ರ ಉಳಿಸಿದ ಸರ್ವರುಗಳು ಮುಂಬಾಗಿಲಿಗೆ ಕಾವಲಿಟ್ಟು ಹಿಂಬಾಗಿಲನ್ನು ಮರೆತಿರುತ್ತವೆ.

ಲೆಕ್ಕ ಕೇಳುವವರು

ನಿಯಮ ಉಳಿಸುವುದು ಅಡ್ಮಿನ್‌ನ ಖಾಸಗಿ ಶಿಸ್ತಾಗಿ ಉಳಿದಿಲ್ಲ. ಕಾರ್ಡ್ ಪಾವತಿ ನಡೆಸುವ ಸಂಸ್ಥೆಗಳಿಗೆ ಅನ್ವಯಿಸುವ ಪಿಸಿಐ ಡಿಎಸ್‌ಎಸ್ ಮಾನದಂಡ ನಿಯಮಗಳನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕೆನ್ನುತ್ತದೆ. ಓಡುತ್ತಿರುವ ಸಂರಚನೆಯೂ ಬೂಟಿಗೆ ಇಟ್ಟ ಫೈಲೂ ಒಂದೇ ಆಗಿರಬೇಕೆಂದೂ ಬಯಸುತ್ತದೆ. ನಮ್ಮ ದೇಶದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದಿದೆ, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಕೇಳುತ್ತದೆ. ಲಾಗ್ ಇದ್ದರೂ, ಆ ದಿನ ಯಾವ ನಿಯಮ ಜಾರಿಯಲ್ಲಿತ್ತು ಎಂದು ತೋರಿಸಲಾಗದಿದ್ದರೆ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ. ಬೆಂಗಳೂರಿನ ಐಟಿ ಕಂಪನಿಗಳ ರಾತ್ರಿ ಪಾಳಿಯವರು ಬದಲಾವಣೆಗೆ ಮೊದಲೊಂದು, ನಂತರವೊಂದು ನಕಲು ತೆಗೆದು ಟಿಕೆಟ್ಟಿಗೆ ಲಗತ್ತಿಸುವುದರ ಹಿಂದೆ ಇಂಥ ಲೆಕ್ಕವೂ ಇದೆ. ಮೆಮೊರಿಯಿಂದ ಇಳಿಸಿಕೊಳ್ಳುವ ಕಮಾಂಡಿನ ಸರಿಯಾದ ಜಾಗವೂ ಇದೇ: ಸಾಕ್ಷಿಯಾಗಿ, ಹೋಲಿಸಲು. ದಿನಾಂಕದ ಸಾಲು, ಚೈನಿನ ಲೆಕ್ಕದ ಅಂಕಿಗಳನ್ನು ತೆಗೆದು ಎರಡು ನಕಲುಗಳಿಗೆ ಡಿಫ್ ಹಾಕಿದರೆ ಏನೇನು ಬದಲಾಗಿದೆ ಎಂಬುದು ಒಂದು ನೋಟಕ್ಕೆ ಸಿಗುತ್ತದೆ.

ಯಾರಿಗೆ ಯಾವುದು

ಒಂದೇ ಸರ್ವರ್, ನಾಲ್ಕೈದು ಪೋರ್ಟ್ ಇದ್ದರೆ ಯುಎಫ್‌ಡಬ್ಲ್ಯೂ ಸಾಕು. ರೆಡ್‌ಹ್ಯಾಟ್ ಬಳಗದಲ್ಲಿದ್ದರೆ ಫೈರ್‌ವಾಲ್‌ಡಿಯನ್ನು ಅದು ಬಯಸುವ ಕ್ರಮದಲ್ಲಿ, ಮೊದಲು ಓಡಿಸಿ ಆಮೇಲೆ ಉಳಿಸಿ, ಬಳಸಿದರೆ ಗೊಂದಲ ಮುಕ್ಕಾಲು ಪಾಲು ಕರಗುತ್ತದೆ. ಹಳೆಯ ಐಪಿಟೇಬಲ್ಸ್ ಯಂತ್ರಗಳನ್ನು ಪರ್ಸಿಸ್ಟೆಂಟ್ ಪ್ಯಾಕೇಜಿನಿಂದ ನಡೆಸಿಕೊಂಡು ಹೋಗಬಹುದು. ಹೊಸದಾಗಿ ಕಟ್ಟುವವರು, ಒಂದಕ್ಕಿಂತ ಹೆಚ್ಚು ಯಂತ್ರ ನೋಡುವವರು, ಎನ್‌ಎಫ್‌ಟೇಬಲ್ಸ್ ಫೈಲನ್ನು ಕೈಯಾರೆ ಬರೆದು ಗಿಟ್‌ನಲ್ಲಿಟ್ಟು ಆನ್ಸಿಬಲ್‌ನಂಥದ್ದರಿಂದ ಹರಡುವುದು ಮೇಲು. ಯಾರು, ಯಾವಾಗ, ಯಾಕೆ ಎಂಬ ಮೂರಕ್ಕೂ ಅಲ್ಲಿ ಉತ್ತರ ಉಳಿಯುತ್ತದೆ. ಕಮಾಂಡ್ ಲೈನ್ ಪ್ರಯೋಗದ ಜಾಗ. ಅಲ್ಲಿ ಪಳಗಿದ ನಿಯಮವನ್ನು ಫೈಲಿಗೆ ಕೈಯಿಂದಲೇ ಬರೆದು, ಪರೀಕ್ಷಿಸಿ, ಫೈಲಿನಿಂದಲೇ ಜಾರಿ ಮಾಡಬೇಕು.

ಯಾವ ದಾರಿ ಹಿಡಿದರೂ ಸೇವ್ ಆಗಿದೆ ಎನ್ನಲು ಪುರಾವೆ ಬೇಕು, ಆ ಪುರಾವೆ ರೀಬೂಟ್ ಒಂದೇ. ಅದು ಕರೆಂಟ್ ಹೋದ ರಾತ್ರಿ ತಾನಾಗಿ ಆಗುವ ಮೊದಲು, ಜನ ಕಡಿಮೆ ಇರುವ ಹೊತ್ತಿನಲ್ಲಿ ನಾವೇ ಮಾಡಬೇಕು. ಯಂತ್ರ ಎದ್ದ ಮೇಲೆ ಇನ್ನೊಂದು ನೆಟ್‌ವರ್ಕಿನಿಂದ ಎನ್‌ಮ್ಯಾಪ್ ಓಡಿಸಿ, ವಿ4 ವಿಳಾಸಕ್ಕೂ ವಿ6 ವಿಳಾಸಕ್ಕೂ, ಮುಚ್ಚಿರಬೇಕಾದ್ದು ಮುಚ್ಚಿದೆಯೇ ಎಂದು ನೋಡಬೇಕು. ವರ್ಷಗಟ್ಟಲೆ ರೀಬೂಟ್ ಆಗದ ಸರ್ವರಿನ ಅಪ್‌ಟೈಮ್ ತೋರಿಸಿ ಹೆಮ್ಮೆ ಪಡುವವರಿದ್ದಾರೆ. ಫೈರ್‌ವಾಲಿನ ಲೆಕ್ಕದಲ್ಲಿ ಆ ಅಂಕಿಗೆ ಅರ್ಥ ಒಂದೇ: ಉಳಿಸಿದ್ದು ನಿಜವಾಗಿ ಉಳಿದಿದೆಯೇ ಎಂದು ಅಷ್ಟು ಕಾಲದಿಂದ ಯಾರೂ ಪರೀಕ್ಷಿಸಿಲ್ಲ.